ಸ್ಕಾಟ್ಲೆಂಡಿನ ಪಬ್ ಊಟ: ಬಾಣಲೆಯದ್ದೋ, ಪಾತ್ರೆಯದ್ದೋ?

ಸ್ಕಾಟ್ಲೆಂಡಿಗೆ ಹೋದ ನಮ್ಮವರು ಪಬ್‌ಗೆ ಕಾಲಿಟ್ಟ ಕೂಡಲೇ ಫಿಶ್ ಅಂಡ್ ಚಿಪ್ಸ್ (ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜತೆಗೆ ಕರಿದ ದಪ್ಪ ಆಲೂಗಡ್ಡೆ ಹೋಳು) ಹೇಳಿಬಿಡುತ್ತಾರೆ. ಮೆನುವಿನಲ್ಲಿ ಗುರುತು ಸಿಗುವ ಹೆಸರು ಅದೇ. ತಟ್ಟೆ ತುಂಬ ಬರುತ್ತದೆ, ಫೋಟೋಗೂ ಚೆನ್ನ. ನನ್ನ ಲೆಕ್ಕ ಬೇರೆ. ಅಲ್ಲಿನ ಪಬ್‌ಗಳಲ್ಲಿ ಬಾಣಲೆಯಿಂದ ಎದ್ದು ಬಂದದ್ದಕ್ಕಿಂತ ಪಾತ್ರೆಯಲ್ಲಿ ನಿಧಾನಕ್ಕೆ ಬೆಂದದ್ದೇ ರುಚಿ. ಎಡಿನ್‌ಬರೋ, ಗ್ಲಾಸ್ಗೋ, ಆಮೇಲೆ ಹೈಲ್ಯಾಂಡ್ಸ್ ಎಂಬ ಗುಡ್ಡಗಾಡಿನ ಕಡೆ ಸುತ್ತಿದಷ್ಟೂ ದಿನ ಹೆಚ್ಚುಕಡಿಮೆ ಪಬ್‌ಗಳಲ್ಲೇ ಉಂಡು, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ ಹೇಳುತ್ತಿದ್ದೇನೆ.

ತೀರ್ಪು ಕೊಡುವವರು ಯಾರೆಂದು ಮೊದಲೇ ಹೇಳಿಬಿಡಬೇಕು. ನಾನು ಕುಂದಾಪುರದ ಕಡೆಯವನು, ಮೀನಿನ ವಿಷಯಕ್ಕೆ ಬಂದರೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಹೆಂಡತಿ ಸಸ್ಯಾಹಾರಿ, ಕೇಕಿನೊಳಗೆ ಕಾಣದಂತೆ ಸೇರಿದ ಮೊಟ್ಟೆಗೆ ಮಾತ್ರ ವಿನಾಯಿತಿ. ಗ್ಲಾಸ್ಗೋದಲ್ಲಿ ಓದುತ್ತಿರುವ ಅಕ್ಕನ ಮಗಳು ಏನು ಕೊಟ್ಟರೂ ತಿನ್ನುತ್ತಾಳೆ, ಮೇಲೆ ಬೆಲೆಯನ್ನೂ ನೋಡುತ್ತಾಳೆ.

ಪಬ್‌ನ ನಡಾವಳಿ ಹೋಟೆಲಿನದ್ದಲ್ಲ. ಹೋಗಿ ಕೂತರೆ ಸಾಮಾನ್ಯವಾಗಿ ಯಾರೂ ಬಂದು ಕೇಳುವುದಿಲ್ಲ. ಖಾಲಿ ಟೇಬಲ್ ಹಿಡಿದು, ಅದರ ನಂಬರ್ ನೋಡಿಕೊಂಡು, ಕೌಂಟರಿಗೆ ಹೋಗಿ ಹೇಳಿ, ದುಡ್ಡು ಮೊದಲೇ ಕೊಟ್ಟು ಬರಬೇಕು. ವೆದರ್‌ಸ್ಪೂನ್‌ನಂಥ ಸರಣಿ ಪಬ್‌ಗಳಲ್ಲಿ ಆ್ಯಪ್‌ನಲ್ಲೇ ಟೇಬಲ್ ನಂಬರ್ ಹಾಕಿ ತರಿಸಬಹುದು. ಕೌಂಟರಿನಲ್ಲಿ ಆರ್ಡರ್ ಮಾಡಿದ್ದಕ್ಕೆ ಟಿಪ್ಸ್ ನಿರೀಕ್ಷೆ ಇರುವುದಿಲ್ಲ. ನಲ್ಲಿ ನೀರನ್ನು ಕೇಳಿದವರಿಗೆ ಪುಕ್ಕಟೆ ಕೊಡಲೇಬೇಕೆಂದು ಲೈಸೆನ್ಸಿನ ಷರತ್ತೇ ಇದೆ, ಸಂಕೋಚ ಬೇಡ. ನಿಜವಾಗಿ ಎಚ್ಚರ ಇರಬೇಕಾದದ್ದು ಹೊತ್ತಿನ ಬಗ್ಗೆ. ಬಾಗಿಲು ರಾತ್ರಿ ಹನ್ನೊಂದರವರೆಗೆ ತೆರೆದಿದ್ದರೂ ಅಡುಗೆಮನೆ ಎಂಟಕ್ಕೋ ಒಂಬತ್ತಕ್ಕೋ ಮುಚ್ಚಿರುತ್ತದೆ. ಹಳ್ಳಿಗಳಲ್ಲಿ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೂ ಒಲೆ ಹಚ್ಚದ ಜಾಗಗಳಿವೆ. ನಮ್ಮ ಊಟದ ಹೊತ್ತಿಗೆ ಹೋದರೆ ಆಲೂಗಡ್ಡೆ ಚಿಪ್ಸಿನ ಪ್ಯಾಕೆಟ್ಟೇ ಗತಿ.

ಈಗ ಮೀನು. ಇಂಗ್ಲೆಂಡಿನಲ್ಲಿ ಕಾಡ್ ಹೆಚ್ಚು ನಡೆದರೆ ಸ್ಕಾಟ್ಲೆಂಡಿನವರಿಗೆ ಹ್ಯಾಡಕ್ ಇಷ್ಟ. ಮೀನಿನ ಮೇಲೆ ನನ್ನ ತಕರಾರಿಲ್ಲ. ಬಿಳಿಯ, ದಪ್ಪ ಎಸಳು, ಸಣ್ಣ ಸಿಹಿ, ಮುಳ್ಳಿಲ್ಲ. ಉಪ್ಪು ಖಾರ ಹಿಡಿದಿರುವುದಿಲ್ಲ ಅಂತ ಕರಾವಳಿಯವರು ಗೊಣಗಬಹುದು, ಗೊಣಗಿಕೊಳ್ಳಲಿ. ತಕರಾರಿರುವುದು ಪಬ್‌ನಲ್ಲಿ ಅದನ್ನು ಬಡಿಸುವ ರೀತಿಯ ಮೇಲೆ. ಒಂದು ಮೊಳಕ್ಕೆ ಹತ್ತಿರದ ಮೀನನ್ನು ಬಿಸಿ ಚಿಪ್ಸಿನ ಗುಡ್ಡೆಯ ಮೇಲೆ ಮಲಗಿಸಿ ತರುತ್ತಾರೆ. ಮೇಲಿನ ಹಿಟ್ಟಿನ ಹೊದಿಕೆ ಗರಿಗರಿ, ಚಾಕು ಹಾಕಿದರೆ ಸದ್ದು ಬರುತ್ತದೆ. ತಿರುವಿ ಹಾಕಿದರೆ ಕೆಳಗಡೆ ಚಿಪ್ಸಿನ ಹಬೆಗೆ ಒದ್ದೆಯಾಗಿ ಹಸಿ ಹಿಟ್ಟಿನಂತೆ ಅಂಟಿಕೊಂಡಿರುತ್ತದೆ. ಅರ್ಧ ಮೀನು ಮುಗಿಯುವಷ್ಟರಲ್ಲಿ ಮೇಲಿನ ಗರಿಯೂ ಇಳಿದುಹೋಗುತ್ತದೆ. ಪಕ್ಕದಲ್ಲಿ ಒಂದು ಹಿಡಿ ಬಟಾಣಿ, ನಿಂಬೆಯ ಹೋಳು, ಪುಟ್ಟ ಬಟ್ಟಲಲ್ಲಿ ಟಾರ್ಟಾರ್ ಸಾಸ್. ಎಡಿನ್‌ಬರೋ ನಡುಪೇಟೆಯಲ್ಲಿ ಇದಕ್ಕೆ ನಾವು ಕೊಟ್ಟದ್ದು 15ರಿಂದ 18 ಪೌಂಡ್.

ಇದೇ ಮೀನನ್ನು ರಸ್ತೆ ಬದಿಯ ‘ಚಿಪ್ಪಿ’ಯಲ್ಲಿ, ಅಂದರೆ ಮೀನು-ಚಿಪ್ಸ್ ಕರಿದು ಮಾರುವ ಅಂಗಡಿಯಲ್ಲಿ, ಕೊಳ್ಳಿ, ಕಡಿಮೆ ದುಡ್ಡಿಗೆ ಮೇಲಾದದ್ದೇ ಸಿಗುತ್ತದೆ. ಬಾಣಲೆಯ ಮುಂದೆ ಸಾಲು ನಿಂತಿರುವುದರಿಂದ ಕರಿದದ್ದು ಕೂತಿರುವುದಿಲ್ಲ. ಚಿಪ್ಸ್ ಕೂಡ ಬೇಕಾದರೆ ‘ಫಿಶ್ ಸಪ್ಪರ್’ ಅನ್ನಬೇಕು, ಬರೀ ಫಿಶ್ ಅಂದರೆ ಬರೀ ಮೀನೇ. ಅಲ್ಲಿಂದ ಮುಂದೆ ಊರಿಗೊಂದು ಮತ. ಎಡಿನ್‌ಬರೋದಲ್ಲಿ ಉಪ್ಪಿನ ಜತೆ ತೆಳ್ಳಗಿನ ಕಂದು ಸಾಸ್ ಸುರಿಯುತ್ತಾರೆ, ಹುಳಿ ಹುಳಿಯಾಗಿರುತ್ತದೆ. ಗ್ಲಾಸ್ಗೋದವರಿಗೆ ಉಪ್ಪು ಮತ್ತು ವಿನೆಗರ್ ಸಾಕು, ಸಾಸ್ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಅಕ್ಕನ ಮಗಳು ಗ್ಲಾಸ್ಗೋ ಪಕ್ಷ. ‘ಮಾವ, ಅದು ಚಿಪ್ಸ್ ಅಲ್ಲ, ಸಾಸಿನಲ್ಲಿ ಮುಳುಗಿದ ಕಾಗದ’ ಅಂದಳು. ಹುಳಿಯಿಲ್ಲದೆ ಮೀನು ಇಳಿಯದ ನನ್ನ ವೋಟು ಎಡಿನ್‌ಬರೋಗೆ. ಅಂತೂ ಕರಿದ ಮೀನು ತಿನ್ನುವುದಾದರೆ ಚಿಪ್ಪಿ, ಪಬ್ ಅಲ್ಲ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ: ಹಲವು ಚಿಪ್ಪಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಎಣ್ಣೆಯಲ್ಲೇ ಕರಿದರೂ ಮೀನು ಬಿದ್ದ ಬಾಣಲೆಗೇ ಚಿಪ್ಸೂ ಬೀಳುತ್ತದೆ. ವಿಚಾರಿಸದೆ ಕೈ ಹಾಕಬೇಡಿ.

ಹಾಗಾದರೆ ಪಬ್‌ನಲ್ಲಿ ಮೀನು ಬೇಡವೇ? ಬೇಕು, ಆದರೆ ಕಲನ್ ಸ್ಕಿಂಕ್ ರೂಪದಲ್ಲಿ. ಈಶಾನ್ಯ ಕರಾವಳಿಯ ಮೋರೆ ಪ್ರಾಂತ್ಯದಲ್ಲಿ ಕಲನ್ ಎಂಬ ಮೀನುಗಾರರ ಊರಿದೆ, ಈ ಸೂಪ್ ಅಲ್ಲಿಯದ್ದು. ಹೊಗೆ ಹಾಕಿದ ಹ್ಯಾಡಕ್, ಆಲೂಗಡ್ಡೆ, ಈರುಳ್ಳಿ, ಹಾಲು, ಅಷ್ಟೇ. ಮೀನಿಗೆ ಹಾಲು ಎಂದರೆ ನಮ್ಮ ಕಡೆ ಅಜ್ಜಿಯರು ಬಾಗಿಲು ಹಾಕಿಕೊಳ್ಳುತ್ತಾರೆ, ನಾನೂ ಮೊದಲ ಚಮಚಕ್ಕೆ ಹೆಂಡತಿಯ ಮುಖ ನೋಡಿಯೇ ಬಾಯಿಗಿಟ್ಟದ್ದು. ಆಮೇಲೆ ಬಿಟ್ಟವನಲ್ಲ. ಹೊಗೆಯ ವಾಸನೆ ಮೂಗಿಗೆ ಮೊದಲು ಬರುತ್ತದೆ, ಉಪ್ಪು ಆಮೇಲೆ. ಆಲೂಗಡ್ಡೆಯಲ್ಲಿ ಅರ್ಧ ಕರಗಿ ಹಾಲನ್ನು ಗಟ್ಟಿ ಮಾಡಿರುತ್ತದೆ, ಉಳಿದರ್ಧ ಹೋಳಾಗಿಯೇ ಇರುತ್ತದೆ. ಮೀನು ಎಸಳೆಸಳಾಗಿ ಬಿಡುತ್ತದೆ. ಮೇಲೆ ಹೆಚ್ಚಿದ ಹಸಿರು ಸೊಪ್ಪು, ಕರಿಮೆಣಸಿನ ಪುಡಿ. ಪಕ್ಕದಲ್ಲಿ ಕಂದು ಬ್ರೆಡ್ಡಿನ ದಪ್ಪ ತುಂಡು, ಬೆಣ್ಣೆ. ಹೊರಗೆ ಅಡ್ಡಮಳೆ ಹೊಡೆಯುತ್ತಿರುವಾಗ, ಪಕ್ಕದ ಟೇಬಲಿನ ಕೆಳಗೆ ಯಾರದ್ದೋ ಒದ್ದೆ ನಾಯಿ ಮೈ ಕೊಡವುತ್ತಿರುವಾಗ (ಪಬ್‌ಗಳಲ್ಲಿ ನಾಯಿಗಳಿಗೂ ನೀರಿನ ಬಟ್ಟಲು ಇಟ್ಟಿರುತ್ತಾರೆ) ಇದಕ್ಕಿಂತ ಬೇರೆ ಊಟ ಬೇಕೆನಿಸುವುದಿಲ್ಲ. ಮೆನುವಿನಲ್ಲಿ ಇದನ್ನು ಸ್ಟಾರ್ಟರ್ ಸಾಲಿಗೆ ಹಾಕಿರುತ್ತಾರೆ, ದೊಡ್ಡ ಬಟ್ಟಲು ಕೇಳಿದರೆ ಅದೇ ಪೂರ್ತಿ ಊಟ. ಫಿಶ್ ಅಂಡ್ ಚಿಪ್ಸಿನ ಅರ್ಧದ ಆಸುಪಾಸಿನಲ್ಲಿ ಹೊಟ್ಟೆ ತುಂಬುತ್ತದೆ.

ಹ್ಯಾಗಿಸ್ ಬಗ್ಗೆ ಕೇಳಿದವರೇ ಹೆಚ್ಚು, ತಿಂದವರು ಕಡಿಮೆ. ಕುರಿಯ ಹೃದಯ, ಲಿವರ್, ಶ್ವಾಸಕೋಶ ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮಸಾಲೆ ಬೆರೆಸಿ ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿ ಬೇಯಿಸುವುದು ಹಳೆಯ ಕ್ರಮ. ಈಗ ಬಹುಪಾಲು ಬೇರೆ ಹೊದಿಕೆ ಬಳಸುತ್ತಾರೆ, ಪಬ್‌ನಲ್ಲಂತೂ ಚೀಲ ಕಣ್ಣಿಗೇ ಬೀಳುವುದಿಲ್ಲ. ತಟ್ಟೆಯಲ್ಲಿ ಮೂರು ಪದರದ ಗೋಪುರ ಬರುತ್ತದೆ: ಕೆಳಗೆ ಹಿಸುಕಿದ ಆಲೂಗಡ್ಡೆ, ನಡುವೆ ನೀಪ್ಸ್ ಅನ್ನುವ ಹಳದಿ ಗೆಡ್ಡೆಯ ಮುದ್ದೆ, ಮೇಲೆ ಕಂದು ಬಣ್ಣದ ಹ್ಯಾಗಿಸ್. ಒಳ್ಳೆಯದಾದರೆ ಅದು ಹದವಾದ ಉಪ್ಪಿಟ್ಟಿನಂತೆ ಉದುರುದುರಾಗಿರುತ್ತದೆ, ಬಾಯಿಗಿಟ್ಟರೆ ಕರಿಮೆಣಸು ನಾಲಿಗೆಯ ಹಿಂಭಾಗಕ್ಕೆ ಹೋಗಿ ಕೂರುತ್ತದೆ. ಸ್ಕಾಟ್ಲೆಂಡಿನ ಊಟದಲ್ಲಿ ನಮ್ಮ ನಾಲಿಗೆಗೆ ಖಾರ ಎಂದು ತಿಳಿಯುವ ಜಾಗ ಅದೊಂದೇ.

ಹೆಂಡತಿಯ ತಟ್ಟೆಯಲ್ಲಿ ಸಸ್ಯಾಹಾರಿ ಹ್ಯಾಗಿಸ್. ಇದೇನು ಇತ್ತೀಚಿನ ಶೋಕಿಯಲ್ಲ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಮನೆತನದವರು 1984ರಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾದಾಗ ಮಾಡಿದ್ದು ಹಾಗೇ ಉಳಿದುಕೊಂಡಿತು, ಈಗ ಬಹುತೇಕ ಪಬ್‌ಗಳಲ್ಲಿ ಸಿಗುತ್ತದೆ. ಓಟ್ಸ್, ಬೇಳೆ, ಕಾಳು, ಕ್ಯಾರೆಟ್, ಅಣಬೆ, ಬೀಜಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದಾಗ (ಅವಳ ತಟ್ಟೆಗೆ ನಾನು ಕೈ ಹಾಕಬಹುದು, ನನ್ನ ತಟ್ಟೆಗೆ ಅವಳು ಹಾಕುವಂತಿಲ್ಲ) ಮೆಣಸಿನ ಘಾಟು ಎರಡರಲ್ಲೂ ಒಂದೇ. ವ್ಯತ್ಯಾಸವೆಲ್ಲ ಜಿಡ್ಡಿನದ್ದು. ಮಾಂಸದ್ದು ಮೆತ್ತಗೆ ಜಾರುತ್ತದೆ, ಕಾಳಿನದ್ದು ಸ್ವಲ್ಪ ಒಣ, ಎರಡನೇ ಅರ್ಧಕ್ಕೆ ನೀರು ಕುಡಿಯಬೇಕಾಗುತ್ತದೆ. ಸಾಸ್ ಹೆಚ್ಚಿಗೆ ಕೇಳಿ ತರಿಸಿದರೆ ಆ ಕೊರತೆಯೂ ನೀಗುತ್ತದೆ. ಆದರೆ ಆ ಸಾಸ್ ಸಾಮಾನ್ಯವಾಗಿ ವಿಸ್ಕಿ ಹಾಕಿದ ಕ್ರೀಮ್, ಮದ್ಯ ಮುಟ್ಟದವರು ಬೇರೆ ಗ್ರೇವಿ ಕೇಳಬೇಕು. ದನದ ಮಾಂಸ ತಿನ್ನದವರಿಗೂ ಒಂದು ಸೂಚನೆ: ಕುರಿಯ ಹ್ಯಾಗಿಸ್ ಎಂದೇ ಹೇಳಿದರೂ ಕೆಲವು ತಯಾರಿಕೆಗಳಲ್ಲಿ ದನದ ಕೊಬ್ಬು ಸೇರಿರುತ್ತದೆ. ಪ್ಯಾಕೆಟ್ ಮೇಲೆ ಏನಿದೆ ಓದಿ ಹೇಳಿ ಎಂದು ಕೌಂಟರಿನಲ್ಲಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಬಾಣಲೆಗೂ ಒಂದು ಗೆಲುವು ಕೊಡಬೇಕು. ಗ್ಲಾಸ್ಗೋದಲ್ಲಿ ಹ್ಯಾಗಿಸ್ ಪಕೋಡ ಸಿಗುತ್ತದೆ. ಕಡಲೆಹಿಟ್ಟಿನೊಳಗೆ ಹ್ಯಾಗಿಸ್, ಜತೆಗೆ ಗುಲಾಬಿ ಬಣ್ಣದ ಸಾಸ್. ಪಂಜಾಬಿನಿಂದ ಬಂದು ನೆಲೆಸಿದವರ ಕೈಯೂ ಆ ಊರಿನ ಬಾಯಿಯೂ ಸೇರಿ ಆದದ್ದು. ಎಡಿನ್‌ಬರೋದ ಪಬ್‌ಗಳಲ್ಲಿ ಬ್ರೆಡ್ ಪುಡಿ ಹೊದಿಸಿ ಕರಿದ ಹ್ಯಾಗಿಸ್ ಬಾನ್‌ಬಾನ್ ಕೊಡುತ್ತಾರಲ್ಲ, ಅದಕ್ಕಿಂತ ಈ ಪಕೋಡ ಎಷ್ಟೋ ಮೇಲು. ಬಾನ್‌ಬಾನ್ ನೋಡಲಿಕ್ಕೆ ಚಂದ, ನಾಲ್ಕು ಉಂಡೆಗೆ ತೆರುವ ಬೆಲೆ ಚಂದವಿಲ್ಲ.

ಸ್ಟೇಕ್ ಪೈ (ದನದ ಮಾಂಸದ ಗ್ರೇವಿಯ ಮೇಲೆ ಹಿಟ್ಟಿನ ಮುಚ್ಚಳ) ವಿಷಯದಲ್ಲಿ ಮಾತು ಅಕ್ಕನ ಮಗಳದ್ದು. ಹೊಸ ವರ್ಷದ ದಿನ ಎಷ್ಟೋ ಮನೆಗಳಲ್ಲಿ ಅದೇ ಊಟವಂತೆ, ಗೆಳತಿಯ ಮನೆಯಲ್ಲಿ ತಿಂದು ಬಂದವಳಿಗೆ ಪಬ್‌ನದ್ದು ಒಪ್ಪಿಗೆಯಾಗಲಿಲ್ಲ. ಒಳಗಿನ ಮಾಂಸದ ಗ್ರೇವಿ ಗಂಟೆಗಟ್ಟಲೆ ಬೆಂದದ್ದು, ಅದಕ್ಕೆ ಮೆಚ್ಚುಗೆ. ಮೇಲಿನ ಪದರ ಪದರದ ಮುಚ್ಚಳವನ್ನು ಮಾತ್ರ ಬೇರೆ ಬೇಯಿಸಿ ಬಟ್ಟಲಿನ ಮೇಲೆ ಟೋಪಿಯ ಹಾಗೆ ಇಟ್ಟಿದ್ದರು. ಮುಚ್ಚಳದ ಕೆಳಮೈ ಗ್ರೇವಿಯನ್ನು ಹೀರಿಕೊಂಡೇ ಬೇಯಬೇಕು, ಇದು ಮೋಸ ಎಂಬುದು ಅವಳ ವಾದ. ಅಲ್ಲಿಯೂ ಪಾತ್ರೆಯೇ ಗೆದ್ದಿತು ಎಂದು ನಾನು ಬರೆದುಕೊಂಡೆ.

ಸಸ್ಯಾಹಾರಿಗಳಿಗೆ ಪಬ್‌ನಲ್ಲಿ ಏನಿಲ್ಲ ಎಂಬ ಕಾಲ ಹೋಗಿದೆ, ಆದರೆ ಹೆಸರು ನಂಬಿ ಹೋದರೆ ಕಷ್ಟ. ಬಹಳ ಜನ ಬೀಳುವ ಗುಂಡಿ ಲೆಂಟಿಲ್ ಸೂಪ್. ಕೆಂಪು ಬೇಳೆ, ಕ್ಯಾರೆಟ್, ನೋಡಿದರೆ ನಮ್ಮ ತೊವ್ವೆಯದ್ದೇ ಬಣ್ಣ. ಸ್ಕಾಟ್ಲೆಂಡಿನ ಮನೆಗಳ ಪದ್ಧತಿಯಲ್ಲಿ ಅದನ್ನು ಹಂದಿಯ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಪಬ್‌ನಲ್ಲಿ ಸಸ್ಯಾಹಾರಿ ಎಂಬ ಗುರುತು ಇದ್ದರೆ ಮಾತ್ರ ಮುಂದುವರಿಯಿರಿ. ಬಾರ್ಲಿ ಹಾಕಿದ ಸ್ಕಾಚ್ ಬ್ರಾತ್ ಎಂಬ ಸೂಪ್ ಕುರಿಮಾಂಸದ್ದೇ. ಹೆಂಡತಿಯ ಪಾಲಿಗೆ ಬಹಳ ಸಲ ಬಂದದ್ದು ಮ್ಯಾಕರೋನಿ ಚೀಸ್, ಅದರ ಪಕ್ಕದಲ್ಲಿ ಚಿಪ್ಸ್, ಅದರ ಮೇಲೊಂದು ಬೆಳ್ಳುಳ್ಳಿ ಬ್ರೆಡ್. ‘ರೀ, ಮೈದಾ, ಆಲೂಗಡ್ಡೆ, ಮತ್ತೆ ಮೈದಾ. ತರಕಾರಿ ಎಲ್ಲಿ?’ ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಅವಳ ಪಟ್ಟಿಯಲ್ಲಿ ಕಾಳಿನ ಹ್ಯಾಗಿಸ್ ಮೊದಲು, ದಿನದ ತರಕಾರಿ ಸೂಪ್ ಎರಡನೆಯದು, ಮ್ಯಾಕರೋನಿ ಗತಿಯಿಲ್ಲದ ದಿನಕ್ಕೆ.

ಕರಿ ತಿನ್ನುವ ಆಸೆಯಾದರೆ ಪಬ್‌ನಲ್ಲಿ ಬೇಡ. ಒಂದೇ ತಟ್ಟೆಯಲ್ಲಿ ಅನ್ನ, ನಾನ್, ಹಪ್ಪಳ, ಸಿಹಿ ಮಾವಿನ ಚಟ್ನಿ, ನಡುವೆ ಕೆಂಪಗಿನ ಚಿಕನ್ ಟಿಕ್ಕಾ ಮಸಾಲ. ಬೆಲೆ ಕಡಿಮೆ, ಖಾರವೂ ಅಷ್ಟೇ. ಗ್ಲಾಸ್ಗೋದಲ್ಲಿದ್ದುಕೊಂಡು ಇದನ್ನು ಪಬ್‌ನಲ್ಲಿ ತಿನ್ನುವುದಂತೂ ತಪ್ಪು, ಆ ಪದಾರ್ಥ ತನ್ನಲ್ಲೇ ಹುಟ್ಟಿದ್ದು ಎಂದು ಹೇಳಿಕೊಳ್ಳುವ ಊರು ಅದು. ಶೀಶ್ ಮಹಲ್ ಹೋಟೆಲಿನ ಅಲಿ ಅಹ್ಮದ್ ಅಸ್ಲಂ 1970ರ ದಶಕದಲ್ಲಿ ಟೊಮೇಟೊ ಸೂಪ್ ಸೇರಿಸಿ ಮಾಡಿದರೆಂಬುದು ಅವರೇ ಹೇಳುತ್ತಿದ್ದ ಕಥೆ. ಅವರು 2022ರಲ್ಲಿ ತೀರಿಕೊಂಡರು. ಗ್ಲಾಸ್ಗೋದ ಸಂಸದ ಮೊಹಮ್ಮದ್ ಸರ್ವರ್ 2009ರಲ್ಲಿ ಈ ಪದಾರ್ಥಕ್ಕೆ ಊರಿನ ಹೆಸರಿನ ಕಾನೂನು ರಕ್ಷಣೆಯನ್ನೇ ಕೇಳಿದ್ದರು.

ಊಟ ಯಾವುದು ಎನ್ನುವಷ್ಟೇ ಊರು ಯಾವುದು ಎನ್ನುವುದೂ ಮುಖ್ಯ. ಎಡಿನ್‌ಬರೋದ ರಾಯಲ್ ಮೈಲ್, ರೋಸ್ ಸ್ಟ್ರೀಟ್ ಕಡೆ ಪಬ್‌ಗೊಂದು ಪಬ್ ಅಂಟಿಕೊಂಡಿದೆ, ಮೆನು ಉದ್ದುದ್ದ. ಅಷ್ಟೆಲ್ಲ ಬಗೆ ಮಾಡಬೇಕಾದರೆ ಫ್ರೀಜರ್ ದೊಡ್ಡದಿರಲೇಬೇಕು. ಗ್ಲೆನ್ಕೋದಂಥ ಕಣಿವೆಯಲ್ಲಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕೈದು ಹೆಸರು ಬರೆದಿರುತ್ತಾರೆ, ಮುಗಿದದ್ದನ್ನು ಕಣ್ಣೆದುರೇ ಅಳಿಸುತ್ತಾರೆ. ಅಂಥ ಕಡೆಯ ಸೂಪ್ ನಂಬಬಹುದು. ಗ್ಲೆನ್ಕೋದ ಪಬ್ ಕ್ಲಾಖೇಗ್ ಇನ್‌ನಲ್ಲಿ ‘ಬೀದಿ ವ್ಯಾಪಾರಿಗಳಿಗೂ ಕ್ಯಾಂಬೆಲ್‌ಗಳಿಗೂ ಪ್ರವೇಶವಿಲ್ಲ’ ಎಂಬರ್ಥದ ಫಲಕ ಇದೆ, ಈಗ ತಮಾಷೆಗೆ. 1692ರ ಫೆಬ್ರವರಿಯಲ್ಲಿ ಕ್ಯಾಂಬೆಲ್ ಕುಲದ ನಾಯಕನೊಬ್ಬನ ಕೈಕೆಳಗಿನ ಸೈನಿಕರು ಇಲ್ಲಿನ ಮ್ಯಾಕ್‌ಡೊನಾಲ್ಡರ ಮನೆಗಳಲ್ಲಿ ಸುಮಾರು ಹನ್ನೆರಡು ದಿನ ಉಂಡು ಮಲಗಿ, ಕೊನೆಗೆ ನಸುಕಿನಲ್ಲಿ ಎದ್ದು ಮನೆಯವರನ್ನೇ ಕೊಂದರು. ಉಂಡ ಮನೆಗೆ ಎರಡು ಬಗೆದದ್ದನ್ನು ಮುನ್ನೂರು ವರ್ಷವಾದರೂ ಆ ಕಣಿವೆ ಮರೆತಿಲ್ಲ.

ಕಾರು ಓಡಿಸುವವರು ಬಿಯರ್ ಬದಲು ಕಿತ್ತಳೆ ಬಣ್ಣದ ಐರ್ನ್-ಬ್ರೂ ಎಂಬ ತಂಪು ಪಾನೀಯ ತರಿಸಿ. ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯದ ಮಿತಿಯನ್ನು ಸ್ಕಾಟ್ಲೆಂಡ್ 2014ರ ಡಿಸೆಂಬರ್‌ನಲ್ಲಿ 80ರಿಂದ 50 ಮಿಲಿಗ್ರಾಂಗೆ ಇಳಿಸಿದೆ, ಒಂದು ಪೈಂಟ್ ಬಿಯರ್ ಕುಡಿದೂ ಓಡಿಸಬಹುದೆಂಬ ಧೈರ್ಯ ಬೇಡ. ಐರ್ನ್-ಬ್ರೂ ರುಚಿ ನನಗೆ ಕೆಮ್ಮಿನ ಸಿರಪ್ ಅನಿಸಿತು, ಅಕ್ಕನ ಮಗಳಿಗೆ ಪ್ರಾಣ.

ಉಳಿದದ್ದು ಸಿಹಿ. ಕ್ರ್ಯಾನಕನ್ ಎಂದರೆ ಕ್ರೀಮ್, ಹುರಿದ ಓಟ್ಸ್, ರಾಸ್ಪ್‌ಬೆರಿ, ಜೇನು, ಜತೆಗೆ ವಿಸ್ಕಿ. ರಾಸ್ಪ್‌ಬೆರಿ ಹಣ್ಣಿನ ಕಾಲದಲ್ಲಿ ಬಹಳ ಚೆನ್ನ, ಬೇರೆ ದಿನಗಳಲ್ಲಿ ಬರೀ ಕ್ರೀಮ್. ಸ್ಟಿಕಿ ಟಾಫಿ ಪುಡಿಂಗ್ ಖರ್ಜೂರದ ಕೇಕು, ಮೇಲೆ ಬಿಸಿ ಟಾಫಿ ಸಾಸ್, ಪಕ್ಕದಲ್ಲಿ ಕರಗುತ್ತಿರುವ ಐಸ್‌ಕ್ರೀಮ್. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನವರೂ ಅಬರ್ಡೀನ್ ಕಡೆಯವರೂ ಅದು ತಮ್ಮದೆನ್ನುತ್ತಾರೆ. ಯಾರದ್ದೇ ಆಗಲಿ, ನಾವು ಮೂವರೂ ಒಮ್ಮತಕ್ಕೆ ಬಂದದ್ದು ಈ ತಟ್ಟೆಯ ಮುಂದೆ ಮಾತ್ರ. ಒಂದನ್ನೇ ತರಿಸಿ ಮೂರು ಚಮಚ ಕೇಳಿ, ಒಬ್ಬರೇ ಮುಗಿಸಲಾಗದಷ್ಟು ಸಿಹಿ ಅದು.