ನನ್ನ ಭುಜಕ್ಕೆ ಕೂರೋ ಬ್ಲೌಸ್ ಕೊನೆಗೂ ಶಿವರಾಂಪೇಟೆಯಲ್ಲಿ ಸಿಕ್ಕಿತು

ನಾನು ಗಂಡಸು. ಸೀರೆ ಉಡೋದು, ಕುರ್ತಿ ಹಾಕೋದು ಅಂದ್ರೆ ನನಗೆ ಇಷ್ಟ. ಇದು ಇವತ್ತಿನ ಇಷ್ಟ ಅಲ್ಲ, ಹದಿನೈದು ವರ್ಷದ್ದು. ಆದರೆ ಮೈಗೆ ಸರಿಯಾಗಿ ಕೂತ ಮೊದಲ ಬ್ಲೌಸ್ ಸಿಕ್ಕಿದ್ದು ಈ ಯುಗಾದಿಗೆ. ಮಂಡ್ಯದಿಂದ ರೈಲಲ್ಲಿ ಓಡಾಡಿ ಮೈಸೂರಿನ ಶಿವರಾಂಪೇಟೆಯ ಒಂದು ಸಣ್ಣ ಲೇಡೀಸ್ ಟೈಲರ್ ಅಂಗಡಿಯಲ್ಲಿ ಹೊಲಿಸಿದೆ. ಹೆಸರು ಬರೀಲಾ ಅಂತ ಕೇಳಿದ್ದಕ್ಕೆ, ಇರೋ ಕೆಲಸವೇ ಜಾಸ್ತಿ, ಬೇಡ ಎಂದರು. ಅದಕ್ಕೆ ಹೆಸರು ಹಾಕಿಲ್ಲ.

ಮೊದಲು ರೆಡಿಮೇಡ್ ಬಗ್ಗೆ ಹೇಳಬೇಕು, ನಮ್ಮಂಥವರ ದುಡ್ಡು ಹೋಗೋದೇ ಅಲ್ಲಿ. ನನ್ನ ಎದೆ ಸುತ್ತಳತೆ 40 ಇಂಚು. ಕುರ್ತಿಗಳಲ್ಲಿ ಸಾಮಾನ್ಯವಾಗಿ ಎಲ್ ಅಂದ್ರೆ 40, ಎಕ್ಸೆಲ್ ಅಂದ್ರೆ 42. ಸ್ವಲ್ಪ ಸಡಿಲ ಇರಲಿ ಅಂತ ಎಕ್ಸೆಲ್ ತಗೊಂಡೆ. ತಲೆ ತೂರಿತು, ಕೈ ತೂರಿತು, ಮೊಣಕೈ ದಾಟಿದ ಮೇಲೆ ತೋಳು ಅಲ್ಲೇ ಸಿಕ್ಕಿಕೊಂಡಿತು. ಎಳೆದು ಹಾಕಿಕೊಂಡು ಕೈ ಮುಂದೆ ಚಾಚಿದರೆ ಕಂಕುಳ ಹೊಲಿಗೆ ಚರ್ ಅಂತ ಬಿಟ್ಟುಕೊಂಡಿತು. ಆಮೇಲೆ ತ್ರಿಬಲ್ ಎಕ್ಸೆಲ್ ತರಿಸಿದೆ. ಸೊಂಟದ ಹತ್ತಿರ ಗೋಣಿಚೀಲದ ಹಾಗೆ ನಿಂತಿತು, ಕುತ್ತಿಗೆ ಜಾರಿತು, ಆದರೂ ಕಂಕುಳಲ್ಲಿ ಬಿಗಿತ ಹೋಗಲಿಲ್ಲ. ಆಗ ಟೇಪು ಹಿಡಿದು ನೋಡಿದೆ. ನನ್ನ ಭುಜ ಹದಿನೇಳೂವರೆ ಇಂಚು. ಎಕ್ಸೆಲ್ ಕುರ್ತಿಯದು 15, ತ್ರಿಬಲ್ ಎಕ್ಸೆಲ್‌ನದು 16. ಎದೆಯಲ್ಲಿ ನಾಲ್ಕು ಇಂಚು ಹೆಚ್ಚಾದರೂ ಭುಜದಲ್ಲಿ ಹೆಚ್ಚಾಗಿದ್ದು ಒಂದೇ ಇಂಚು! ನಾನು ಎದೆ ನೋಡಿ ಸೈಜ್ ಆರಿಸುತ್ತಿದ್ದೆ, ಬಟ್ಟೆ ತಡೆಯುತ್ತಿದ್ದದ್ದು ಭುಜದಲ್ಲಿ.

ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಹಾಕಿ ನೋಡ್ತೀನಿ ಅಂದಿದ್ದಕ್ಕೆ ಲೇಡೀಸ್ ಟ್ರಯಲ್ ರೂಮಿಗೆ ಬಿಡಲ್ಲ ಅಂದರು. ಸರಿ, ಗಂಡಸರದ್ದರಲ್ಲೇ ನೋಡ್ತೀನಿ ಅಂದೆ. ಕೈಯಲ್ಲಿದ್ದ ಕುರ್ತಿ ವಾಪಸ್ ತಗೊಂಡು ಮಡಚಿ ಇಟ್ಟುಬಿಟ್ಟರು. ಅವತ್ತು ಮಂಡ್ಯಕ್ಕೆ ಬರೋವರೆಗೂ ಯಾರ ಜೊತೆಗೂ ಮಾತಾಡೋ ಮನಸ್ಸಿರಲಿಲ್ಲ.

ಶಿವರಾಂಪೇಟೆ ಅಂಗಡಿಯಲ್ಲಿ ಮೊದಲ ಪ್ರಶ್ನೆ, "ಅಳತೆ ಬ್ಲೌಸ್ ತಂದಿದ್ದೀರಾ ಸಾರ್? ಮನೆಯವರಿಗಾ?"

"ನನಗೇ ಅಕ್ಕ."

"ನಾಟಕಕ್ಕಾ?"

ನಮ್ಮ ಕಡೆ ಹಳ್ಳಿ ನಾಟಕಗಳಲ್ಲಿ ಗಂಡಸರು ಹೆಣ್ಣಿನ ಪಾತ್ರ ಮಾಡೋದು ಎಲ್ಲರಿಗೂ ಗೊತ್ತಿರೋದೇ, ಹೂಂ ಅಂದುಬಿಟ್ಟರೆ ಸುಲಭ. ಹಿಂದೆ ಎರಡು ಕಡೆ ಹಾಗೇ ಅಂದಿದ್ದೆ, ಒಂದು ರಾತ್ರಿಯ ವೇಷಕ್ಕೆ ಇಷ್ಟು ಸಾಕು ಅನ್ನೋ ಹಾಗೆ ಹೊಲಿದು ಕೊಟ್ಟಿದ್ದರು. ಈ ಸಲ, "ಇಲ್ಲ ಅಕ್ಕ, ಉಡೋಕೆ" ಅಂದೆ. ಅವರು ಒಂದು ಸಲ ಮುಖ ನೋಡಿದರು. ಕೊರಳಲ್ಲಿದ್ದ ಟೇಪು ತೆಗೆದು, "ಹಾಗಾದ್ರೆ ಶರ್ಟ್ ಮೇಲೆ ಅಳತೆ ಬೇಡ, ಒಳಗೆ ಏನು ಹಾಕ್ತೀರೋ ಅದನ್ನ ಹಾಕ್ಕೊಂಡು ಬನ್ನಿ, ಇಲ್ಲಾಂದ್ರೆ ಡಾಟ್ ಎಲ್ಲೆಲ್ಲೋ ಕೂರುತ್ತೆ" ಎಂದರು. ಡಾಟ್ ಅಂದ್ರೆ ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹಾಕೋ ಹೊಲಿಗೆ. ಅಷ್ಟೇ. ಬೇರೆ ಏನೂ ಕೇಳಲಿಲ್ಲ.

ಕೆಲಸ ತುಂಬಾ ಚೆನ್ನಾಗಿದೆ. ಮೊದಲು ಭುಜ, ಆಮೇಲೆ ಕಂಕುಳ ಸುತ್ತು, ಆಮೇಲೆ ತೋಳಿನ ದಪ್ಪ ಅಳೆದರು, ಎದೆ ಕೊನೆಗೆ. ಕಂಕುಳ ಕೆಳಗೆ ಅದೇ ಬಟ್ಟೆಯ ಸಣ್ಣ ಚೌಕ ತುಂಡು ಕೊಟ್ಟು ಹೊಲಿದಿದ್ದಾರೆ, ಕೈ ಎತ್ತಿದರೆ ಬ್ಲೌಸ್ ಮೇಲೆ ಏರೋದಿಲ್ಲ, ಕೈ ಇಳಿಸಿದರೆ ಆ ತುಂಡು ಕಾಣೋದೂ ಇಲ್ಲ. ತೋಳು ಮೊಣಕೈವರೆಗೆ. ಪಕ್ಕದ ಹೊಲಿಗೆಯಲ್ಲಿ ಬಿಚ್ಚಿ ಹಿಗ್ಗಿಸೋಕೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದಾರೆ. ಸೀರೆ ಜೊತೆ ಬರೋ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್, ನಮ್ಮ ಮೈಗೆ ಸಾಲೋದಿಲ್ಲ, ಹೊಂದೋ ಬಟ್ಟೆ ಒಂದು ಮೀಟರ್‌ಗಿಂತ ಜಾಸ್ತಿ ತಗೊಂಡು ಹೋಗಿ. ಲೈನಿಂಗ್ ಸೇರಿ 650 ರೂಪಾಯಿ ಆಯಿತು. ಅಂಗಡಿಯಲ್ಲಿ ಸಿಗೋ ಲಂಗ ನನಗೆ ಗಿಡ್ಡ, ಅದನ್ನೂ ಇಲ್ಲೇ 42 ಇಂಚು ಉದ್ದಕ್ಕೆ ಹೊಲಿಸಿದೆ.

ಕೊರತೆ ಇಲ್ಲ ಅಂತಲ್ಲ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡ, ಎರಡು ಸಲ ರೈಲು ಖರ್ಚು ದಂಡ. ಮೊದಲು ಕೊಟ್ಟಾಗ ಕುತ್ತಿಗೆ ಅಗಲ ಆಗಿ ಭುಜದಿಂದ ಜಾರುತ್ತಿತ್ತು, ದುಡ್ಡು ತಗೊಳ್ಳದೆ ಸರಿ ಮಾಡಿಕೊಟ್ಟರು. ಹಾಕಿ ನೋಡೋಕೆ ಒಂದು ಪರದೆ ಬಿಟ್ಟರೆ ಬೇರೆ ಜಾಗ ಇಲ್ಲ, ಅದೂ ರಸ್ತೆಗೆ ಹತ್ತಿರ. ಸಂಜೆ ಜನ ಜಾಸ್ತಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ನೆಮ್ಮದಿ.

ಬಳೆ ದೇವರಾಜ ಮಾರ್ಕೆಟ್‌ನಲ್ಲಿ ಸಿಕ್ಕಿತು, ಎರಡು-ಹತ್ತು ಸೈಜ್ ಕೇಳಿ, ಎರಡು-ಎಂಟು ನನ್ನ ಕೈಗೆ ಹತ್ತಲಿಲ್ಲ. ಚಪ್ಪಲಿ ಇನ್ನೂ ಸಿಕ್ಕಿಲ್ಲ. ನನ್ನ ಕಾಲು 43, ನಾನು ನೋಡಿದ ಲೇಡೀಸ್ ಚಪ್ಪಲಿ ಎಲ್ಲಾ 41ಕ್ಕೇ ಮುಗಿಯುತ್ತೆ. ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಹೇಳಿ.

ಗೌರಿ ಹಬ್ಬದಿಂದ ದಸರಾವರೆಗೆ ಅಲ್ಲಿ ಹೊಸ ಬಟ್ಟೆ ಹಿಡಿಯೋದೇ ಕಷ್ಟವಂತೆ. ಎರಡನೇ ಬ್ಲೌಸ್ ನಾನು ಆಷಾಢದಲ್ಲೇ ಕೊಡುತ್ತೇನೆ, ಅಳತೆಗೆ ಮೊದಲನೆಯದನ್ನೇ ತನ್ನಿ ಅಂತ ಹೇಳಿದ್ದಾರೆ.