ಅಯೋಡೈಡಾ, ಬ್ರೋಮೈಡಾ, ಬೆರಕೆಯಾ? ನಾಲ್ಕು ಗಾಜಿನ ಸ್ಲೈಡ್‌ಗಳ ಹೋಲಿಕೆ

ನಮ್ಮೂರು ಪಾವಗಡದ ಕಡೆ. ಊರಿಗೆ ಹೋದಾಗಲೆಲ್ಲ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಣ್ಣಿಗೆ ಬೀಳುತ್ತದೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ (ಬೆಳಕು ಹೀರುವ ಒಂದು ಬಗೆಯ ಹರಳು; ನಾನು ಮಾಡಿದ್ದು ಸೀಸದ ಜೊತೆ ಅಯೋಡೈಡ್ ಅಥವಾ ಬ್ರೋಮೈಡ್ ಇರುವಂಥದ್ದು) ಪದರ ಕೂರಿಸಿದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಕರೆಂಟ್ ತೆಗೆಯಬಹುದು. ಆ ಪದರದ ಬ್ಯಾಂಡ್ ಗ್ಯಾಪ್, ಅಂದರೆ ಅದರ ಎಲೆಕ್ಟ್ರಾನ್ ಎಬ್ಬಿಸಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 1.7 ಎಲೆಕ್ಟ್ರಾನ್ ವೋಲ್ಟ್ ಇರಬೇಕು. ಯಾವುದು ಅಲ್ಲಿಗೆ ಮುಟ್ಟುತ್ತದೆ ಅಂತ ತುಮಕೂರಿನ ಲ್ಯಾಬಿನಲ್ಲಿ ನಾಲ್ಕು ಬಗೆ ಮಾಡಿ ನೋಡಿದೆ.

ಮೊದಲನೆಯದು ಮೀಥೈಲ್ ಅಮೋನಿಯಮ್ ಸೀಸದ ಅಯೋಡೈಡ್. ಸ್ಪಿನ್ ಕೋಟರ್‌ನಿಂದ (ಗಾಜನ್ನು ಗಿರ್ರನೆ ತಿರುಗಿಸಿ ದ್ರಾವಣವನ್ನು ತೆಳುವಾಗಿ ಹರಡುವ ಯಂತ್ರ) ಇಳಿಸಿ, 100 ಡಿಗ್ರಿ ಹಾಟ್ ಪ್ಲೇಟ್ ಮೇಲಿಟ್ಟರೆ ಕಾಫಿ ಡಿಕಾಕ್ಷನ್‌ನಂಥ ಕಡುಗಂದು. ಗ್ಯಾಪ್ 1.6ರ ಹತ್ತಿರ, ಸ್ವಲ್ಪ ಕಮ್ಮಿಯೇ ಆಯಿತು. ಮಳೆಗಾಲದ ತೇವಕ್ಕೆ ಹಳದಿಗೆ ತಿರುಗುತ್ತದೆ.

ಎರಡನೆಯದು ಪೂರ್ತಿ ಬ್ರೋಮೈಡ್. ಕಿತ್ತಳೆ ಬಣ್ಣ, ಯುವಿ ಟಾರ್ಚ್ ಹಿಡಿದರೆ ಹಸಿರು ಬೆಳಕು. ನೋಡೋಕೆ ಇದರಷ್ಟು ಚೆಂದ ಯಾವುದೂ ಇಲ್ಲ. ಬ್ರೋಮಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಅಯೋಡಿನ್‌ಗಿಂತ ಬಿಗಿಯಾಗಿ ಹಿಡಿದಿರುತ್ತದೆ. ಅವನ್ನು ಎಬ್ಬಿಸಲು ಜಾಸ್ತಿ ಶಕ್ತಿ ಬೇಕು, ಹಾಗಾಗಿ ಗ್ಯಾಪ್ 2.3. ಎಲ್‌ಇಡಿಗೆ ಸರಿ, ನನ್ನ ಕೆಲಸಕ್ಕೆ ಆಗಲ್ಲ.

ಹಾಗಾದರೆ ಅರ್ಧ ಇದು, ಅರ್ಧ ಅದು ಬೆರೆಸಿ ಆಮೇಲೆ ಹದ ಮಾಡಿಕೊಳ್ಳೋಣ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತು. ಗ್ಯಾಪ್ ಸುಮಾರು 1.9 ಬಂತು, 650 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು ಕಾಣಿಸಿತು. ಆದರೆ ಲೇಸರ್ ಕೆಳಗೆ ಒಂದು ನಿಮಿಷ ಇಡುವಷ್ಟರಲ್ಲಿ ಆ ಬೆಳಕು 740ರ ಕಡೆಗೆ ಜಾರಿತು, ಅಂದರೆ ಗ್ಯಾಪ್ ಕುಗ್ಗಿದಂತಾಯಿತು! ಬೆಳಕು ಬಿದ್ದಾಗ ಅಯೋಡೈಡ್ ಒಂದು ಕಡೆ, ಬ್ರೋಮೈಡ್ ಒಂದು ಕಡೆ ಗುಂಪುಗೂಡುತ್ತವೆ. ಕತ್ತಲೆಯಲ್ಲಿ ಇಟ್ಟರೆ ಮತ್ತೆ ಬೆರೆಯುತ್ತವೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ ಆಯಿತು. ಇಡೀ ದಿನ ಬಿಸಿಲಲ್ಲಿ ನಿಲ್ಲಬೇಕಾದ ಫಲಕಕ್ಕೆ ಇದು ದೊಡ್ಡ ಕೊರತೆ.

(ಇದೆಲ್ಲ ಸೀಸದ ಉಪ್ಪು. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಉಳಿದ ದ್ರಾವಣ ಸಿಂಕಿಗೆ ಸುರಿಯಬೇಡಿ.)

ನಾಲ್ಕನೆಯದಕ್ಕೆ ಮೀಥೈಲ್ ಅಮೋನಿಯಮ್ ಬಿಟ್ಟು ಫಾರ್ಮಮಿಡಿನಿಯಮ್ (ಅದೇ ಜಾಗದಲ್ಲಿ ಕೂರುವ ಇನ್ನೊಂದು ಸಾವಯವ ಅಯಾನು) ಹಾಕಿದೆ, ಜೊತೆಗೆ ಸ್ವಲ್ಪ ಸೀಸಿಯಮ್. ಬರೀ ಫಾರ್ಮಮಿಡಿನಿಯಮ್ ಸೀಸದ ಅಯೋಡೈಡ್ ತಣ್ಣಗಾದ ಮೇಲೆ ಕೆಲಸಕ್ಕೆ ಬಾರದ ಹಳದಿ ರೂಪಕ್ಕೆ ಹೋಗುತ್ತದೆ. ಸೀಸಿಯಮ್ ಅದನ್ನು ತಡೆದು ಕಪ್ಪು ರೂಪದಲ್ಲೇ ನಿಲ್ಲಿಸುತ್ತದೆ. ಬ್ರೋಮೈಡ್ ನೂರಕ್ಕೆ 17 ಮಾತ್ರ. ಗ್ಯಾಪ್ 1.63. ಗುರಿಗೆ ಇನ್ನೂ ಸ್ವಲ್ಪ ಕಮ್ಮಿ, ಆದರೆ ಲೇಸರ್ ಕೆಳಗೆ ಬೆಳಕು ಜಾರಲಿಲ್ಲ. ನನ್ನ ಆಯ್ಕೆ ಇದೇ.

ಈಗ ಬ್ರೋಮೈಡನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದೇನೆ. ನೂರಕ್ಕೆ 25 ಇರುವ ಸ್ಲೈಡ್ ನಾಳೆ ಲೇಸರ್ ಕೆಳಗೆ ಹೋಗುತ್ತದೆ.