ರೆಫರೆನ್ಸ್ ‘ಕ್ಲಿಯರ್’ ಮಾಡಿಸಿ ಕೊಡ್ತೀವಿ ಅನ್ನೋರಿಗೆ ಒಂದು ದಿರ್ಹಮ್ ಕೂಡ ಕೊಡಬೇಡಿ

ಯುಎಇಯಲ್ಲಿ ಟೀಚರ್ ಕೆಲಸ ಹುಡುಕುತ್ತಿರುವವರು ದಯವಿಟ್ಟು ಓದಿ. ಹಳೆಯ ಸ್ಕೂಲಿನವರು ಕೆಟ್ಟ ರೆಫರೆನ್ಸ್ (ಹೊಸ ಸ್ಕೂಲಿಗೆ ನಮ್ಮ ಬಗ್ಗೆ ಬರೆದು ಕೊಡುವ ಅಭಿಪ್ರಾಯ) ಕೊಟ್ಟಿದ್ದಾರೆ ಅಂತ ನಿದ್ದೆಗೆಟ್ಟಿರುವವರಂತೂ ಖಂಡಿತ ಓದಿ. ಅದನ್ನು ಸರಿ ಮಾಡಿಸ್ತೀನಿ ಅಂತ ನನ್ನ ದುಡ್ಡು ತಿಂದ ಏಜೆಂಟ್ ಇವತ್ತು ಬೆಳಿಗ್ಗೆ ಹೊಸ ನಂಬರಿನಿಂದ ಮೆಸೇಜ್ ಹಾಕಿದ್ದಾನೆ. ‘ಅಕ್ಕ, ನಿಮ್ಮ ಫ್ರೆಂಡ್ಸ್ ಯಾರಾದ್ರೂ ಜಾಬ್ ಚೇಂಜ್ ನೋಡ್ತಿದ್ರೆ ಹೇಳಿ.’ ಎಷ್ಟು ಧೈರ್ಯ! ನಾಚಿಕೆಯಿಂದ ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ನಾನು ಶಾರ್ಜಾದ ಒಂದು ಸಿಬಿಎಸ್‌ಇ ಸ್ಕೂಲಿನಲ್ಲಿ ಫಿಸಿಕ್ಸ್ ಟೀಚರ್ ಆಗಿದ್ದೆ. ನವೆಂಬರಿನಲ್ಲಿ ರಾಜೀನಾಮೆ ಕೊಟ್ಟೆ, ಕಾಂಟ್ರಾಕ್ಟಿನಲ್ಲಿದ್ದ ನೋಟಿಸ್ ಪೂರ್ತಿ ಮಾಡಿ ಜನವರಿಯಲ್ಲಿ ಬಿಟ್ಟೆ. ಆದರೂ ಪ್ರಿನ್ಸಿಪಾಲರಿಗೆ ಸಿಟ್ಟು. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ, ನಾನು ಅದಕ್ಕೆ ಮೊದಲೇ ಹೊರಟೆನಲ್ಲ. ಅವರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಆಮೇಲೆ ಎರಡು ಕಡೆ ಡೆಮೋ ಕ್ಲಾಸ್ ಚೆನ್ನಾಗಿ ಆಗಿ, ಸಂಬಳದ ಮಾತೂ ಮುಗಿದು, ಇದ್ದಕ್ಕಿದ್ದಂತೆ ಫೋನ್ ಬರೋದೇ ನಿಂತುಹೋಯಿತು. ಇದು ಹೇಗೆ ನಡೆಯುತ್ತೆ ಗೊತ್ತಲ್ವಾ, ರೆಫರೆನ್ಸ್ ಫಾರ್ಮ್ ಹೊಸ ಸ್ಕೂಲಿನಿಂದ ನೇರವಾಗಿ ಹಳೆಯ ಪ್ರಿನ್ಸಿಪಾಲರಿಗೇ ಹೋಗುತ್ತದೆ. ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆಗ ಸಿಕ್ಕವನು ಇವನು. ಕನ್ನಡದವನೇ. ನಾನು ಕೆಟ್ಟಿದ್ದೇ ಅಲ್ಲಿ. ‘ಅಕ್ಕ, ಟೆನ್ಷನ್ ಮಾಡ್ಕೋಬೇಡಿ. ನಿಮ್ಮ ಹಳೇ ಸ್ಕೂಲಿನ ಎಚ್‌ಆರ್ ಜೊತೆ ನಾವು ಮಾತಾಡ್ತೀವಿ. ಒಳ್ಳೇದೂ ಇಲ್ಲ ಕೆಟ್ಟದ್ದೂ ಇಲ್ಲ, ಅಂಥ ರೆಫರೆನ್ಸ್ ತೆಗೆಸಿ ಕೊಡ್ತೀವಿ. ದಿನಾ ಮಾಡೋ ಕೆಲಸ ಇದು.’ 2,800 ದಿರ್ಹಮ್. ಅದಕ್ಕೊಂದು ಹೆಸರು, ‘ಡಾಕ್ಯುಮೆಂಟೇಶನ್ ಚಾರ್ಜ್’. ರಸೀದಿ ಕೇಳಿದರೆ ‘ಕೆಲಸ ಆದ್ಮೇಲೆ ಒಟ್ಟಿಗೇ ಕೊಡ್ತೀವಿ ಅಕ್ಕ’. ಕೊಟ್ಟೆ. ಹತ್ತು ದಿನಕ್ಕೆ ‘ಕ್ಲಿಯರ್ ಆಯ್ತು ಅಕ್ಕ, ದುಬೈ ಸ್ಕೂಲಿಗೆ ನಿಮ್ಮ ಫೈಲ್ ಕಳಿಸಿದ್ದೀವಿ’ ಅಂತ ಮೆಸೇಜ್. ಪತ್ರ ತೋರಿಸು ಅಂದರೆ ‘ಕಾನ್ಫಿಡೆನ್ಷಿಯಲ್ ಅಕ್ಕ, ಕ್ಯಾಂಡಿಡೇಟ್‌ಗೆ ತೋರ್ಸೋ ಹಾಗಿಲ್ಲ’. ಅದೂ ನಿಜವೇ ಅನ್ನಿಸಿತು ನೋಡಿ!

ಆ ದುಬೈ ಸ್ಕೂಲಿನ ಇಂಟರ್‌ವ್ಯೂ, ಕೊನೆಯ ಸುತ್ತು ವಿಡಿಯೋ ಕಾಲ್‌ನಲ್ಲಿ. ಎಚ್‌ಆರ್ ಮೇಡಂ ಸ್ಕ್ರೀನ್ ಶೇರ್ ಮಾಡಿದರು. ಎರಡು ಕಾಗದ ಪಕ್ಕಪಕ್ಕ. ಬಲಗಡೆ ನನ್ನ ಹಳೆಯ ಸ್ಕೂಲಿನಿಂದ ಅವರಿಗೆ ನೇರ ಬಂದ ಫಾರ್ಮ್. ‘ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?’ ಅನ್ನುವ ಕಡೆ ‘ನೋ’ ಮೇಲೆ ಟಿಕ್. ಎಡಗಡೆ ಏಜೆಂಟ್ ಕಳಿಸಿದ್ದು. ಅದರ ಮೇಲೆ ನಮ್ಮ ಸ್ಕೂಲಿನ ಹಳೆಯ ಲೋಗೋ, ಅದು ಬದಲಾಗಿ ಎರಡು ವರ್ಷ ಆಗಿತ್ತು. ಕೆಳಗೆ ನನ್ನನ್ನು ಉದ್ದಕ್ಕೂ ‘ಹಿ’, ‘ಹಿಸ್’ ಅಂತ ಬರೆದಿದ್ದಾರೆ! ಯಾರೋ ಗಂಡಸಿನ ಪತ್ರ ತೆಗೆದು ಹೆಸರು ಮಾತ್ರ ಬದಲಾಯಿಸಿದ್ದು. ಹಳೆಯ ಸ್ಕೂಲಿನ ಎಚ್‌ಆರ್ ಜೊತೆ ಮಾತೂ ಇಲ್ಲ, ಕತೆಯೂ ಇಲ್ಲ.

‘ಇದು ನೀವು ಕಳಿಸಿದ್ದಾ?’ ಅಂದರು. ಜೋರು ಕೂಡ ಮಾಡಲಿಲ್ಲ. ವರ್ಷವಿಡೀ ಮಕ್ಕಳ ಲ್ಯಾಬ್ ರೆಕಾರ್ಡಿನಲ್ಲಿ ಕಾಪಿ ಹಿಡಿಯುವವಳು ನಾನು. ಪಕ್ಕದವನ ರೀಡಿಂಗ್ ಬರೆದುಕೊಂಡು ಬಂದ ಹುಡುಗನ ಹಾಗೆ ಕೂತಿದ್ದೆ. ಅವರು ಆಮೇಲೆ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: ‘ಬಲಗಡೆಯದು ಒಂದೇ ಬಂದಿದ್ದರೆ ಏನಾಯಿತು ಅಂತ ನಿಮ್ಮನ್ನೇ ಕೇಳುತ್ತಿದ್ದೆವು. ಈಗ ಏನು ಕೇಳೋಣ?’

ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ರಾತ್ರಿ ಮೆಸೇಜ್: ‘ಮೇಡಂ, ಬ್ಯುಸಿ ಇದ್ದೀನಿ.’ ಗಮನಿಸಿ, ಅಕ್ಕ ಹೋಗಿ ಮೇಡಂ ಬಂದಿತ್ತು. ಮರುದಿನ: ‘ಅವರು ಸ್ಕೂಲಿಗೇ ನೇರ ಕೇಳ್ತಾರೆ ಅಂತ ನೀವು ಹೇಳ್ಲೇ ಇಲ್ವಲ್ಲ ಮೇಡಂ.’ ನನ್ನದೇ ತಪ್ಪಂತೆ! ದುಡ್ಡು ವಾಪಸ್ ಕೊಡು ಅಂದೆ. ‘ಸರ್ವಿಸ್ ಆಗಿದೆ, ರೀಫಂಡ್ ಇಲ್ಲ.’ ಕಂಪ್ಲೇಂಟ್ ಕೊಡ್ತೀನಿ ಅಂದೆ. ‘ಕೊಡಿ ಮೇಡಂ. ಪತ್ರದಲ್ಲಿರೋದು ನಿಮ್ಮ ಹೆಸರು, ನಮ್ಮದಲ್ಲ. ಮೊದಲು ಯಾರನ್ನ ಕೇಳ್ತಾರೆ ಯೋಚ್ನೆ ಮಾಡಿ.’

ಅದನ್ನು ನಾಲ್ಕು ಸಲ ಓದಿದೆ. ಸುಳ್ಳು ದಾಖಲೆ ಯುಎಇಯಲ್ಲಿ ಅಪರಾಧ. ಕೈ ನಡುಗಿತು, ಸುಮ್ನಾದೆ. ಸುಮ್ನಾಗ್ತೀನಿ ಅಂತ ಅವನಿಗೂ ಗೊತ್ತಿತ್ತು.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ನನಗೆ ಬೇಕಾಗಿದ್ದ ಕಾಗದ ಪುಕ್ಕಟೆ ಸಿಗುತ್ತಿತ್ತು! ಯುಎಇಯ 2021ರ 33ನೇ ನಂಬರಿನ ಕಾರ್ಮಿಕ ಕಾನೂನು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಕೆಲಸ ಬಿಟ್ಟವರು ಕೇಳಿದರೆ ಅನುಭವ ಪತ್ರ ದುಡ್ಡಿಲ್ಲದೆ ಕೊಡಬೇಕು, ಅದರಲ್ಲಿ ನಮ್ಮ ಹೆಸರು ಕೆಡಿಸುವ ಅಥವಾ ಮುಂದಿನ ಕೆಲಸಕ್ಕೆ ಅಡ್ಡ ಬರುವ ಮಾತು ಇರಬಾರದು ಅಂತ 13ನೇ ಕಲಂನಲ್ಲೇ ಇದೆ. ಕೆಲಸಕ್ಕೆ ಸೇರಿಸುವ ಖರ್ಚನ್ನು ನಮ್ಮಿಂದ ವಸೂಲಿ ಮಾಡುವ ಹಾಗೂ ಇಲ್ಲ. ನಾನು ಆ ಕಲಂ ಹಾಕಿ ಹಳೆಯ ಸ್ಕೂಲಿಗೆ ಇಮೇಲ್ ಮಾಡಿದೆ. ವಾರದೊಳಗೆ ಪತ್ರ ಬಂತು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಯ ಸಂಬಳ, ಕಾರಣ ರಾಜೀನಾಮೆ. ಅಷ್ಟೇ.

ಮುಂದಿನ ಇಂಟರ್‌ವ್ಯೂ ಅಜ್ಮಾನಿನಲ್ಲಿ. ಅವರು ಕೇಳುವ ಮೊದಲೇ ಹೇಳಿಬಿಟ್ಟೆ: ಹಳೆಯ ಪ್ರಿನ್ಸಿಪಾಲರು ‘ನೋ’ ಅಂತ ಟಿಕ್ ಮಾಡುತ್ತಾರೆ, ಕಾರಣ ಇದು, ನೋಟಿಸ್ ಮುಗಿಸಿದ ಇಮೇಲ್ ಇಲ್ಲಿದೆ. ಹಳೆಯ ಸ್ಕೂಲಿನ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು, ಮತ್ತು ಸೂಪರ್‌ವೈಸರ್ ಇಬ್ಬರ ಸ್ಕೂಲ್ ಇಮೇಲ್ ಐಡಿ ಕೊಟ್ಟೆ (ಅವರ ಸ್ವಂತ ಜಿಮೇಲ್ ಕೊಡಬೇಡಿ, ಯಾರೂ ನಂಬಲ್ಲ). ಅಲ್ಲಿನ ಪ್ರಿನ್ಸಿಪಾಲರು ನಕ್ಕು, ‘ಬೋರ್ಡ್ ಪರೀಕ್ಷೆಗೆ ಮೊದಲು ಹೊರಟರೆ ನಾನೂ ಬೈಯುತ್ತಿದ್ದೆ’ ಅಂದರು. ಎರಡು ವಾರಕ್ಕೆ ಆಫರ್ ಬಂತು. ಸಂಬಳ ಸ್ವಲ್ಪ ಕಡಿಮೆ, ಇರಲಿ. ಏಪ್ರಿಲ್‌ನಿಂದ ಅಲ್ಲೇ ಇದ್ದೇನೆ.

ಇಂಡಿಯಾದಿಂದ ಹೊರಡುವವರು ಏಜೆಂಟಿನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ರಿಜಿಸ್ಟರ್ ಆದವರು ಕೂಡ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ.

ನನ್ನ 2,800 ದಿರ್ಹಮ್ ಬಂದಿಲ್ಲ, ಬರುವುದೂ ಇಲ್ಲ. ಇವನ ಮೆಸೇಜ್ ನಿಮಗೂ ಬರಬಹುದು, ‘ಅಕ್ಕ’ ಅಂತಲೇ ಶುರುವಾಗುತ್ತದೆ. ರಸೀದಿ ಕೇಳಿ ನೋಡಿ.